ಪಕ್ಕದ ಸೀಟಿನ ಹೊಣೆ

ಚಾಮರಾಜನಗರ–ಗುಂಡ್ಲುಪೇಟೆ ರಸ್ತೆಯಲ್ಲಿ ನಾನು ಕಾರು ಕಲಿಯುವಾಗ ಪಕ್ಕದಲ್ಲಿ ಸೋದರಮಾವ ಕೂತಿರುತ್ತಿದ್ದರು. ಕಾರು ಅವರದೇ. ಒಂದು ದಿನ ಅರಿಶಿನದ ಮೂಟೆ ಹೇರಿದ ಎತ್ತಿನ ಗಾಡಿ ಅಡ್ಡ ಬಂತು. ನನ್ನ ಕಾಲು ಬ್ರೇಕ್ ಹುಡುಕುವಷ್ಟರಲ್ಲಿ ಮಾವ ಹ್ಯಾಂಡ್‌ಬ್ರೇಕ್ ಎಳೆದಿದ್ದರು.

"ಗುದ್ದಿದ್ರೆ ಯಾರ ತಲೆ ಮೇಲೆ ಬರ್ತಿತ್ತು, ಮಾವ?"

"ಇಬ್ಬರ ಮೇಲೂ."

ಈ ಉತ್ತರಕ್ಕೊಂದು ಚರಿತ್ರೆಯಿದೆ. ಬ್ರಿಟಿಷ್ ಇಂಡಿಯಾದ 1939ರ ಮೋಟಾರು ವಾಹನ ಕಾಯ್ದೆ, ಕಲಿಯುವವರಿಗೆ ಹಾಕುವ ಷರತ್ತುಗಳನ್ನು ಪ್ರಾಂತೀಯ ಸರ್ಕಾರಗಳಿಗೆ ಬಿಟ್ಟಿತ್ತು. 1988ರ ಕಾಯ್ದೆಯ ನಂತರ ಬಂದ 1989ರ ಕೇಂದ್ರ ನಿಯಮಗಳು ದೇಶಕ್ಕೆಲ್ಲ ಒಂದೇ ಕಟ್ಟಳೆ ತಂದವು. 3ನೆಯ ನಿಯಮದ ಪ್ರಕಾರ ಎಲ್‌ಎಲ್‌ಆರ್ ಇರಬೇಕು. ವಾಹನದ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು 'ಎಲ್' ಕಾಣಬೇಕು. ಲೈಸೆನ್ಸ್ ಇರುವ ಕಲಿಸುವವರು ವಾಹನವನ್ನು ಹತೋಟಿಗೆ ತರಬಲ್ಲ, ನಿಲ್ಲಿಸಬಲ್ಲ ಜಾಗದಲ್ಲೇ ಕೂತಿರಬೇಕು. ಪಕ್ಕದಲ್ಲಿ ಕೂತವರು ಬರೀ ಪ್ರಯಾಣಿಕರಲ್ಲ.

ಪೆಟ್ಟು ತಿಂದವರಿಗೆ ಪರಿಹಾರ ಕೊಡುವವರು ಯಾರು? ಎಲ್‌ಎಲ್‌ಆರ್ ಹೊಂದಿದವರು ಸರಿಯಾದ ಲೈಸೆನ್ಸ್‌ದಾರರಲ್ಲ ಎಂದು ವಿಮಾ ಕಂಪನಿಗಳು ನುಣುಚಿಕೊಳ್ಳುತ್ತಿದ್ದವು. ಸುಪ್ರೀಂ ಕೋರ್ಟೇ ಒಮ್ಮೆ ಆ ವಾದವನ್ನು ಒಪ್ಪಿತ್ತು. 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಎಲ್‌ಎಲ್‌ಆರ್ ಕೂಡ ಲೈಸೆನ್ಸೇ ಎಂದಿತು. ಷರತ್ತು ಪಾಲಿಸಿ ಓಡಿಸುತ್ತಿದ್ದರೆ, ಕಲಿಯುವವರು ಎಂಬ ನೆಪದಲ್ಲಿ ಮೂರನೆಯವರ ಪರಿಹಾರ ತಪ್ಪಿಸುವಂತಿಲ್ಲ.

ಷರತ್ತು ಮುರಿದರೆ ಈ ಆಸರೆ ಸಡಿಲವಾಗುತ್ತದೆ. ಆಗ ಓಡಿಸಿದ ನಾನು, ಕಾರಿನ ಮಾಲೀಕರಾದ ಮಾವ, ಇಬ್ಬರೂ ನಿಲ್ಲಬೇಕು. ಮಾವ ಆ ರಸ್ತೆಯಲ್ಲಿ ಒಮ್ಮೆಯೂ ಫೋನ್ ಕೈಗೆತ್ತಿಕೊಳ್ಳದೆ ಹ್ಯಾಂಡ್‌ಬ್ರೇಕ್ ಮೇಲೆ ಕೈಯಿಟ್ಟು ಕೂರುತ್ತಿದ್ದದ್ದು ಯಾಕೆಂದು ಆ ಗಾಡಿಯವನನ್ನು ನೆನೆದಾಗಲೆಲ್ಲ ಅರ್ಥವಾಗುತ್ತದೆ.