ಗಡಿಯಾಚೆಯ ಪತ್ರಿಕೆ, ಗಡಿಯೀಚೆಯ ನಿರಾಕರಣೆ: ಹೈದರಾಬಾದ್ ಸಂಸ್ಥಾನ, 1948

ಆಳಂದದಿಂದ ಅಕ್ಕಲಕೋಟೆಯ ಹಾದಿ ಹಿಡಿದು ಹಿರೋಳ್ಳಿ ದಾಟಿದರೆ ಮಹಾರಾಷ್ಟ್ರ. 1948ರಲ್ಲಿ ಈ ಗಡಿ ನಿಜಾಮರ ಸಂಸ್ಥಾನವನ್ನೂ ಭಾರತ ಒಕ್ಕೂಟವನ್ನೂ ಬೇರ್ಪಡಿಸಿತ್ತು. ಭಾರತಕ್ಕೆ ಸೇರಲೊಲ್ಲದ ಹೈದರಾಬಾದ್ ಸರ್ಕಾರಕ್ಕೆ ಮುಂಬೈ, ಮದ್ರಾಸಿನ ಪತ್ರಿಕೆಗಳು ಪರರಾಜ್ಯದವು, ಅವು ಬರೆದದ್ದೆಲ್ಲ ಅಪಪ್ರಚಾರ.

ಭಾರತ–ಹೈದರಾಬಾದ್ ನಡುವಿನ 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದ ಶಾಯಿ ಆರುವ ಮೊದಲೇ ದೂರು–ಪ್ರತಿದೂರು ಶುರುವಾದವು. ಮರುವರ್ಷದ ವಸಂತದಲ್ಲಿ ನಿಜಾಮರ ಪರವಾದ ಖಾಸಗಿ ಪಡೆ ರಜಾಕಾರರ ನಾಯಕ ಕಾಸಿಂ ರಜ್ವಿಯ ಉಗ್ರ ಭಾಷಣವೊಂದು ಭಾರತದ ಪತ್ರಿಕೆಗಳಲ್ಲಿ ಅಚ್ಚಾಯಿತು. ಅಂಥ ಭಾಷಣವೇ ಆಗಿಲ್ಲ ಎಂದು ಹೈದರಾಬಾದ್ ಅಲ್ಲಗಳೆಯಿತು. ಆದರೆ ಮೇ 22ರಂದು ಮದ್ರಾಸ್–ಮುಂಬೈ ಮೇಲ್ ಗಾಣಗಾಪುರ ನಿಲ್ದಾಣದಲ್ಲಿ ದಾಳಿಗೆ ತುತ್ತಾಯಿತು. ಅಫಜಲಪುರದ ಸೀಮೆಯ ಈ ನಿಲ್ದಾಣ ಹೀಗೆ ದಿಲ್ಲಿಯವರೆಗೆ ಸುದ್ದಿಯಾಯಿತು. ಭಾಷಣವನ್ನು ಆಗಿಲ್ಲ ಎನ್ನಬಹುದು. ರೈಲಿನಲ್ಲಿ ಗಾಯಗೊಂಡವರು ಮುಂದಿನ ನಿಲ್ದಾಣಗಳಲ್ಲಿ ಇಳಿಯುತ್ತಾರೆ.

ಹೈದರಾಬಾದಿನ ಪ್ರಧಾನಿ ಮೀರ್ ಲಾಯಕ್ ಅಲಿಯವರ ಸರ್ಕಾರದ ಪ್ರತ್ಯುತ್ತರವೆಲ್ಲ ಸುಳ್ಳಲ್ಲ. ಗಡಿಯಾಚೆಯಿಂದ ದಾಳಿ ನಡೆಯುತ್ತಿದೆ, ಭಾರತ ಆರ್ಥಿಕ ದಿಗ್ಬಂಧನ ಹೇರಿದೆ ಎಂಬುದು ಅದರ ದೂರು. ಮುಂಡರಗಿ, ಗಜೇಂದ್ರಗಡದ ಶಿಬಿರಗಳಿಂದ ಹೊರಟವರು ನಿಜಾಮರ ಠಾಣೆ, ಕರೋಡಗಿರಿ (ಸುಂಕದ) ನಾಕೆಗಳ ಮೇಲೆ ಬಿದ್ದದ್ದನ್ನು ನಮ್ಮ ಹೋರಾಟಗಾರರೇ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ದಿಲ್ಲಿ ಆ ವರ್ಷ ಶ್ವೇತಪತ್ರ ಹೊರಡಿಸಿತು; ಹೈದರಾಬಾದೂ ತನ್ನ ಪತ್ರವ್ಯವಹಾರವನ್ನು ಪುಸ್ತಕವಾಗಿ ಅಚ್ಚು ಹಾಕಿಸಿತು. ಎರಡರಲ್ಲೂ ಎದುರಾಳಿಯ ತಪ್ಪೇ ದೊಡ್ಡದು.

ಸುದ್ದಿಯೆಲ್ಲ ಪರರಾಜ್ಯದ ಅಪಪ್ರಚಾರ ಎಂಬ ಹೈದರಾಬಾದಿನ ವಾದವನ್ನು ಕೆಡವಿದ್ದು ಹೊರಗಿನ ಪತ್ರಿಕೆಯಲ್ಲ, ಒಳಗಿನದು. ವಿಲೀನದ ಪರ ಬರೆಯುತ್ತಿದ್ದ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಆಗಸ್ಟ್‌ನಲ್ಲಿ ಹೈದರಾಬಾದ್ ನಗರದಲ್ಲೇ ಕೊಲೆಯಾದರು. ಅದೇ ಹೊತ್ತಿಗೆ, ಆಗಸ್ಟ್ 21ರಂದು, ಸರ್ಕಾರ ವಿಶ್ವಸಂಸ್ಥೆಗೆ ದೂರು ಬರೆದಿತ್ತು. ಸೆಪ್ಟೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ಭದ್ರತಾ ಮಂಡಳಿ ಅದನ್ನು ಕೈಗೆತ್ತಿಕೊಂಡಾಗ ಮೊಯಿನ್ ನವಾಜ್ ಜಂಗ್ ಹೈದರಾಬಾದಿನ ಪರ ಮಾತಾಡಿದರು. ಹೈದರಾಬಾದ್ ಸ್ವತಂತ್ರ ದೇಶವೇ ಅಲ್ಲ, ದೂರು ಕೊಡುವ ಅಧಿಕಾರ ಅದಕ್ಕಿಲ್ಲ ಎಂದು ಭಾರತದ ಪರ ರಾಮಸ್ವಾಮಿ ಮುದಲಿಯಾರ್ ವಾದಿಸಿದರು. ಅಷ್ಟರಲ್ಲಿ ಭಾರತದ ಸೇನೆ ಸಂಸ್ಥಾನದೊಳಕ್ಕೆ ನುಗ್ಗಿತ್ತು; ಮರುದಿನ ನಿಜಾಮರ ಸೇನೆ ಶರಣಾಯಿತು. ಆಮೇಲೆ ನಿಜಾಮರೇ ದೂರು ಹಿಂತೆಗೆದುಕೊಂಡರು.

ಇಲ್ಲಿಗೆ ಕಥೆ ಮುಗಿಸುವುದು ನಮ್ಮಲ್ಲಿ ರೂಢಿ. ಆದರೆ ಈ ಸೇನಾ ಕಾರ್ಯಾಚರಣೆಯ ಸಮಯದಲ್ಲೂ ನಂತರವೂ ಮುಸ್ಲಿಮರ ಮೇಲೆ ನಡೆದ ಹತ್ಯೆಗಳ ಸುದ್ದಿ ಹೊರಬಿದ್ದಾಗ ನಿರಾಕರಿಸುವ ಸರದಿ ದಿಲ್ಲಿಯದಾಯಿತು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಅವರ ತಂಡ ವರ್ಷಾಂತ್ಯದಲ್ಲಿ ಸಂಚರಿಸಿ, ಕನಿಷ್ಠ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಗೃಹ ಸಚಿವ ಸರ್ದಾರ್ ಪಟೇಲರು ಆ ವರದಿಯನ್ನು ಒಪ್ಪಲಿಲ್ಲ. ಸರ್ಕಾರ ಅದನ್ನು ಪ್ರಕಟಿಸಲಿಲ್ಲ.

ರಜಾಕಾರರ ಹಾವಳಿಯನ್ನು ನೆನೆಯುವ ಕಲ್ಯಾಣ ಕರ್ನಾಟಕದ ಇತಿಹಾಸಕಾರರು ಈ ವರದಿಯನ್ನೂ ಜೊತೆಗಿಟ್ಟು ಓದಬೇಕು. ದಿಲ್ಲಿಯ ಅಂದಿನ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರಿಗೆ ಲಭ್ಯವೆಂಬ ಸುದ್ದಿ ಬಂದದ್ದು 2013ರಲ್ಲಿ.