ಹಳದಿ ಕೇಳಿದರೆ ಕಂದು

ಲಿನಕ್ಸ್ ಕನ್ಸೋಲಿಗೆ 33ನೇ ಸಂಖ್ಯೆಯ ಬಣ್ಣ ಕೊಡು ಎಂದರೆ ಅಕ್ಷರ ಮೂಡುವುದು ಕಂದು ಬಣ್ಣದಲ್ಲಿ. ಟರ್ಮಿನಲ್ ಸಂಕೇತಗಳ ಇಸಿಎಂಎ-48 ಮಾನದಂಡದ ಪ್ರಕಾರ ಅದು ಹಳದಿ. ಈ ಎಡವಟ್ಟು ಲಿನಕ್ಸಿಗೆ ಬಳುವಳಿಯಾಗಿ ಬಂದದ್ದು.

1981ರ ಐಬಿಎಂ ಪಿಸಿಯ ಸಿಜಿಎ ಕಾರ್ಡು ಕೆಂಪು, ಹಸಿರು, ನೀಲಿ, ಪ್ರಖರತೆ ಎಂಬ ನಾಲ್ಕೇ ಸಂಕೇತಗಳಲ್ಲಿ ಹದಿನಾರು ಬಣ್ಣ ಕಳಿಸುತ್ತಿತ್ತು. ಪ್ರಖರತೆಯಿಲ್ಲದೆ ಕೆಂಪು, ಹಸಿರು ಬೆರೆತರೆ ಬರುವುದು ಕೊಳಕು ಹಳದಿ. ಐಬಿಎಂನ 5153 ಮಾನಿಟರಿನಲ್ಲಿ ಆ ಒಂದೇ ಬಣ್ಣಕ್ಕಾಗಿ ಬೇರೆ ಸರ್ಕ್ಯೂಟು ಇತ್ತು. ಅದು ಹಸಿರನ್ನು ಅರ್ಧಕ್ಕೆ ಇಳಿಸಿ ಕಂದು ಮಾಡುತ್ತಿತ್ತು. ಮುಂದೆ ಬಂದ ವಿಜಿಎ ಅದನ್ನೇ ಪಾಲಿಸಿತು, ಲಿನಕ್ಸ್ ವಿಜಿಎಯನ್ನು ಪಾಲಿಸಿತು.

ಇದಕ್ಕೆಲ್ಲ ಅವಕಾಶವಾದದ್ದು ಮಾನದಂಡದ ಮೌನದಿಂದ. 30ರಿಂದ 37ರವರೆಗೆ ಎಂಟು ಬಣ್ಣಗಳ ಹೆಸರುಗಳಷ್ಟೇ ಅದರಲ್ಲಿವೆ; ಎಂಥ ಕೆಂಪು, ಎಷ್ಟು ಗಾಢ ನೀಲಿ ಎಂಬ ಮಾತಿಲ್ಲ. ಪ್ರೋಗ್ರಾಮು ಸಂಖ್ಯೆ ಹೇಳುತ್ತದೆ, ಬಣ್ಣ ಟರ್ಮಿನಲ್ಲಿನ ಇಷ್ಟ. ಇಂಥ ಸಂಖ್ಯಾಸಂಕೇತಗಳ ಪದ್ಧತಿಯನ್ನು ಮನೆಮಾತಾಗಿಸಿದ 1978ರ ವಿಟಿ100 ಟರ್ಮಿನಲ್ಲಿಗೆ ಬಣ್ಣವೇ ಇರಲಿಲ್ಲ ಎಂಬುದು ಬೇರೆ ಮಾತು.

ಹೆಚ್ಚು ಜನರನ್ನು ಕಾಡಿದ್ದು ನೀಲಿ. ಎಲ್‌ಎಸ್ ಕಮಾಂಡು ಫೋಲ್ಡರುಗಳ ಹೆಸರನ್ನು 01;34, ಅಂದರೆ ದಪ್ಪ ನೀಲಿಯಲ್ಲಿ ತೋರಿಸುತ್ತದೆ. ಬಿಳಿ ಹಿನ್ನೆಲೆಯಲ್ಲಿ ಸೊಗಸು. ಕಪ್ಪಿನ ಮೇಲೆ ಕಣ್ಣು ಕಿರಿದು ಮಾಡಿ ಓದಬೇಕು. ಹಾಗಾಗಿ ಕೆಲವರು ಎಲ್‌ಎಸ್_ಕಲರ್ಸ್ ಎಂಬ ವೇರಿಯಬಲ್ಲಿನಲ್ಲಿ ಫೋಲ್ಡರಿನ ಸಂಖ್ಯೆಯನ್ನೇ ಬದಲಿಸಿದರು. ಇನ್ನು ಕೆಲವರು ಟರ್ಮಿನಲ್ಲಿನ ಬಣ್ಣ ನಿಗದಿಮಾಡುವ ಎಕ್ಸ್‌ರಿಸೋರ್ಸಸ್ ಫೈಲಿನಲ್ಲಿ ನೀಲಿಯ ಅರ್ಥವನ್ನೇ ಬದಲಿಸಿದರು. ಎರಡನೆಯದೇ ಜಾಣ ದಾರಿ: ಒಂದು ಸಾಲು ತಿದ್ದಿದರೆ ಆ ಟರ್ಮಿನಲ್ಲಿನ ಎಲ್ಲ ಪ್ರೋಗ್ರಾಮುಗಳ ನೀಲಿಯೂ ತಿಳಿಯಾಗುತ್ತದೆ. ಕೊನೆಗೆ ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಪ್ರೋಗ್ರಾಮು ಕೂಡ ದಪ್ಪಕ್ಷರಕ್ಕೆ ಬಳಸುವ ತನ್ನ ಪ್ರಖರ ನೀಲಿಯನ್ನು ತಿಳಿಗೊಳಿಸಿತು.

1999ರಲ್ಲಿ ಅದೇ ಎಕ್ಸ್‌ಟರ್ಮ್‌ಗೆ 256 ಬಣ್ಣ ಬಂದವು: ಹಳೆಯ 16, ಆರು ಗುಣಿಸು ಆರು ಗುಣಿಸು ಆರರ ಲೆಕ್ಕದಲ್ಲಿ 216, ಮೇಲೆ 24 ಬೂದು ಛಾಯೆ. ಆದರೂ ಬಳಕೆದಾರರ ಕೈಯಾಡುವುದು ಮೊದಲ ಹದಿನಾರರ ಮೇಲೆಯೇ.

2011ರಲ್ಲಿ ಈಥನ್ ಶೂನೋವರ್ ಹೊರತಂದ ಸೋಲರೈಸ್ಡ್ ಎಂಬ ಬಣ್ಣಪಟ್ಟಿ ಆ ಹದಿನಾರಕ್ಕೂ ಹೊಸ ಬಣ್ಣ ಹಂಚಿತು. ಹಿನ್ನೆಲೆಗೂ ಪಠ್ಯಕ್ಕೂ ಬೇಕಾದ ಬೂದು ಛಾಯೆಗಳಿಗೆ ಜಾಗ ಸಾಲದೆ, ಪ್ರಖರ ಬಣ್ಣಗಳ ಮನೆಗಳಲ್ಲಿ ಹೆಚ್ಚಿನವನ್ನು ಅವಕ್ಕೇ ಬಿಟ್ಟುಕೊಟ್ಟಿತು. ದಪ್ಪಕ್ಷರವೆಂದರೆ ಪ್ರಖರ ಬಣ್ಣವೆಂದು ತಿಳಿಯುವ ಹಳೆಯ ಟರ್ಮಿನಲ್ಲುಗಳಲ್ಲಿ ಎಲ್‌ಎಸ್ ತೋರಿಸುವ ದಪ್ಪ ಹಸಿರು ಫೈಲುಗಳು ಬೂದಾದವು. ಗ್ನೋಮ್ ಟರ್ಮಿನಲ್ಲಿನ ಸೆಟ್ಟಿಂಗಿನಲ್ಲಿ ದಪ್ಪಕ್ಷರವನ್ನು ಪ್ರಖರ ಬಣ್ಣದಲ್ಲಿ ತೋರಿಸುವ ಆಯ್ಕೆಗೊಂದು ಚೌಕವಿದೆ. ಅಲ್ಲಿನ ಗುರುತು ತೆಗೆದರೆ ಹಸಿರು ಮರಳುತ್ತದೆ.