ವಾಹನ ದಟ್ಟಣೆಯಿಲ್ಲದ ದಾರಿಗಳು: ಫ್ರಾನ್ಸ್‌ನ ಹಳ್ಳಿಗಾಡಿನಲ್ಲಿ ಸೈಕಲ್ ಪ್ರವಾಸ

ಫ್ರಾನ್ಸ್ ಮತ್ತು ಸೈಕಲ್ ಎಂದೊಡನೆ ನೆನಪಾಗುವುದು 1903ರಲ್ಲಿ ಆರಂಭವಾದ ‘ಟೂರ್ ಡಿ ಫ್ರಾನ್ಸ್’ ಸ್ಪರ್ಧೆ. ಆಲ್ಪ್ಸ್, ಪಿರನೀಸ್ ಪರ್ವತಗಳ ಆ ಅಬ್ಬರದಿಂದ ದೂರದಲ್ಲಿ, ಗೋಧಿ ಮತ್ತು ಸೂರ್ಯಕಾಂತಿ ಹೊಲಗಳ ನಡುವೆ ಸಣ್ಣ ದಿಬ್ಬಗಳನ್ನು ಏರಿ ಇಳಿಯುತ್ತ ಸಾಗುವ ಕಿರಿದಾದ ಡಾಂಬರು ರಸ್ತೆಗಳ ಬೃಹತ್ ಜಾಲವೂ ಆ ದೇಶದಲ್ಲಿದೆ. ಅಲ್ಲಿನ ಅನೇಕ ದಾರಿಗಳಲ್ಲಿ ತಾಸುಗಟ್ಟಲೆ ಸೈಕಲ್ ತುಳಿದರೂ ಎದುರಾಗುವ ವಾಹನಗಳು ಬೆರಳೆಣಿಕೆಯಷ್ಟು. ಈ ದಾರಿಗಳಲ್ಲಿ ಬಹುಪಾಲು ಸೈಕಲ್ ಸವಾರರಿಗೆಂದು ನಿರ್ಮಿಸಿದವಲ್ಲ. ಅವು ಖಾಲಿ ಉಳಿದಿರುವುದಕ್ಕೆ ಆಡಳಿತದ ಮತ್ತು ಇತಿಹಾಸದ ಕಾರಣಗಳಿವೆ. ಆ ಕಾರಣಗಳನ್ನು ಅರಿತವರಿಗೆ ಮಾರ್ಗದ ಆಯ್ಕೆ ಸುಲಭ.

ದಾರಿ ಖಾಲಿಯಾದ ಬಗೆ

ಫ್ರಾನ್ಸ್‌ನ ರಸ್ತೆಗಳ ಒಟ್ಟು ಉದ್ದ 10 ಲಕ್ಷ ಕಿ.ಮೀ.ಗೂ ಅಧಿಕ. ಇದರಲ್ಲಿ ಮೋಟಾರು ಹೆದ್ದಾರಿಗಳು ಮತ್ತು ರಾಷ್ಟ್ರೀಯ ಹೆದ್ದಾರಿಗಳ ಪಾಲು ಸುಮಾರು 20 ಸಾವಿರ ಕಿ.ಮೀ. ಮಾತ್ರ. ಜಿಲ್ಲೆಗೆ ಸಮಾನವಾದ ‘ದೆಪಾರ್ತ್‌ಮಾಂ’ ಆಡಳಿತದ ರಸ್ತೆಗಳು ಸುಮಾರು 3.8 ಲಕ್ಷ ಕಿ.ಮೀ. ಉದ್ದವಿವೆ. ಉಳಿದವು ‘ಕಮ್ಯೂನ್’ ಎಂಬ ಸ್ಥಳೀಯ ಸಂಸ್ಥೆಗಳಿಗೆ ಸೇರಿದವು. ದೇಶದಲ್ಲಿ ಇಂತಹ ಸುಮಾರು 35 ಸಾವಿರ ಕಮ್ಯೂನ್‌ಗಳಿದ್ದು, ಕೆಲವೇ ಮನೆಗಳ ಹಳ್ಳಿಯೂ ತನ್ನದೇ ಮೇಯರ್ ಮತ್ತು ತನ್ನದೇ ರಸ್ತೆಗಳನ್ನು ಹೊಂದಿರುತ್ತದೆ. ತೋಟದ ಮನೆಯಿಂದ ಹಳ್ಳಿಗೆ, ಹಳ್ಳಿಯಿಂದ ಸಂತೆಯ ಊರಿಗೆ ಹೋಗುವ ದಾರಿಗಳಿಗೂ ಡಾಂಬರು ಬಿದ್ದಿರುವುದು ಇದರ ಫಲ.

ಇತ್ತ ಜನಸಂಖ್ಯೆ ನಗರಗಳತ್ತ ಸರಿಯಿತು. ದೂರ ಪ್ರಯಾಣದ ವಾಹನಗಳನ್ನು ಮೋಟಾರು ಹೆದ್ದಾರಿಗಳು ಸೆಳೆದುಕೊಂಡವು. ಜನ ತೆರಳಿದ ಮೇಲೂ ಹಳ್ಳಿದಾರಿಗಳು ಉಳಿದವು.

ಜೆರ್ಸ್‌ನ ಉದಾಹರಣೆ

ನೈರುತ್ಯ ಫ್ರಾನ್ಸ್‌ನ ಗ್ಯಾಸ್ಕನಿ ಪ್ರಾಂತ್ಯದ ಜೆರ್ಸ್ ಇದಕ್ಕೆ ಉತ್ತಮ ನಿದರ್ಶನ. 6,257 ಚದರ ಕಿ.ಮೀ. ವಿಸ್ತೀರ್ಣದ ಈ ದೆಪಾರ್ತ್‌ಮಾಂನಲ್ಲಿ 19ನೇ ಶತಮಾನದ ಮಧ್ಯಭಾಗದಲ್ಲಿ 3 ಲಕ್ಷಕ್ಕೂ ಹೆಚ್ಚು ಜನರಿದ್ದರು. ಇಂದು ಇರುವವರು ಸುಮಾರು 1.9 ಲಕ್ಷ. ಚದರ ಕಿ.ಮೀ.ಗೆ ಸರಾಸರಿ 30 ಜನ.

ಇಲ್ಲಿನ ಭೂರಚನೆಯೂ ವಿಶಿಷ್ಟ. ಪಿರನೀಸ್ ತಪ್ಪಲಿನ ಲಾನ್ಮೆಜಾನ್ ಪ್ರಸ್ಥಭೂಮಿಯ ಕಡೆಯಿಂದ ಹೊರಡುವ ಜೆರ್ಸ್, ಬಾಯಿಜ್, ಜಿಮೋನ್ ಮೊದಲಾದ ನದಿಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿ ಉತ್ತರದ ಗರೋನ್ ನದಿಯತ್ತ ಹರಿಯುತ್ತವೆ. ಎರಡು ನದಿಗಳ ನಡುವೆ ಒಂದೊಂದು ದಿಬ್ಬದ ಸಾಲು. ಆದ್ದರಿಂದ ಉತ್ತರ-ದಕ್ಷಿಣವಾಗಿ ಕಣಿವೆಯಲ್ಲೇ ಸಾಗುವವರಿಗೆ ದಾರಿ ಬಹುತೇಕ ಸಮತಟ್ಟು. ಪೂರ್ವ-ಪಶ್ಚಿಮವಾಗಿ ಹೊರಟವರು ಮಾತ್ರ ಒಂದರ ಹಿಂದೊಂದು ದಿಬ್ಬ ಏರಬೇಕು. ಏರು ಉದ್ದವಿರದಿದ್ದರೂ ದಿನದ ಕೊನೆಗೆ ಒಟ್ಟು ಲೆಕ್ಕ ಕಾಲುಗಳಿಗೆ ತಿಳಿಯುತ್ತದೆ. ಕಣಿವೆಯ ರಸ್ತೆಗಿಂತ ದಿಬ್ಬದ ನೆತ್ತಿಯ ರಸ್ತೆಯಲ್ಲಿ ಸಾಮಾನ್ಯವಾಗಿ ವಾಹನಗಳು ಕಡಿಮೆ. ಆಕಾಶ ಶುಭ್ರವಾಗಿದ್ದರೆ ಅಲ್ಲಿಂದ ಪಿರನೀಸ್ ಶಿಖರಗಳು ಕಾಣುತ್ತವೆ.

ಹೊಸಬರಿಗೆ ಕೊಂದೋಂ ಪಟ್ಟಣದಿಂದ ಹೊರಡುವ ಸುತ್ತು ಸೂಕ್ತ. 13ನೇ ಶತಮಾನದ ಕೋಟೆಯೊಳಗಿನ ಪುಟ್ಟ ಹಳ್ಳಿ ಲಾರೆಸಾಂಗ್ಲ್, ಚೌಕದ ಸುತ್ತ ಯೋಜಿತವಾಗಿ ಕಟ್ಟಿದ ಮಧ್ಯಯುಗದ ಊರು ಮೋಂರೆಯಾಲ್, ವೃತ್ತಾಕಾರವಾಗಿ ಮನೆಗಳಿರುವ ಫೂರ್ಸೆಸ್ ಇವನ್ನು ನೋಡಿಕೊಂಡು ಮರಳಲು ಸುಮಾರು 35 ಕಿ.ಮೀ. ಆಗುತ್ತದೆ. ತುಲೂಸ್‌ನಿಂದ ಜೆರ್ಸ್‌ನ ಆಡಳಿತ ಕೇಂದ್ರ ಓಶ್‌ವರೆಗೆ ಪ್ರಾದೇಶಿಕ ರೈಲು ಇದೆ. ಇಂತಹ ರೈಲುಗಳಲ್ಲಿ ಸಾಮಾನ್ಯವಾಗಿ ಸೈಕಲ್ ಒಯ್ಯಬಹುದು.

ನಕ್ಷೆ ಓದುವ ಕ್ರಮ

ಫ್ರಾನ್ಸ್‌ನ ರಸ್ತೆ ಸಂಖ್ಯೆಯ ಮುಂದಿನ ಅಕ್ಷರವೇ ಮೊದಲ ಸುಳಿವು. ‘ಎ’ ಮೋಟಾರು ಹೆದ್ದಾರಿ. ಅಲ್ಲಿ ಸೈಕಲ್‌ಗೆ ಪ್ರವೇಶವಿಲ್ಲ. ‘ಎನ್’ ರಾಷ್ಟ್ರೀಯ ಹೆದ್ದಾರಿ. ಓಶ್ ಮೂಲಕ ಹಾದುಹೋಗುವ ಎನ್ 21, ತುಲೂಸ್ ಕಡೆಯ ಎನ್ 124 ಇಂತಹವು. ಇವನ್ನು ದೂರವಿಡುವುದೇ ಲೇಸು. ‘ಡಿ’ ಎಂದರೆ ದೆಪಾರ್ತ್‌ಮಾಂ ರಸ್ತೆ. ಮೂರಂಕಿಯ ಡಿ ರಸ್ತೆಗಳು ಸಾಮಾನ್ಯವಾಗಿ ಚಿಕ್ಕವು, ಶಾಂತವಾದವು. ಆದರೆ ಈ ನಿಯಮಕ್ಕೆ ಅಪವಾದವುಂಟು. 2006ರಲ್ಲಿ ಸಾವಿರಾರು ಕಿ.ಮೀ. ರಾಷ್ಟ್ರೀಯ ಹೆದ್ದಾರಿಗಳನ್ನು ದೆಪಾರ್ತ್‌ಮಾಂಗಳಿಗೆ ವರ್ಗಾಯಿಸಲಾಯಿತು. ಹಾಗಾಗಿ ಡಿ ಅಕ್ಷರ ಹೊತ್ತ ಕೆಲವು ರಸ್ತೆಗಳಲ್ಲಿ ಇಂದಿಗೂ ಲಾರಿಗಳ ಸಾಲು ಕಾಣಬಹುದು. ಗಡಿ ದಾಟಿದೊಡನೆ ಅದೇ ರಸ್ತೆಯ ಸಂಖ್ಯೆ ಬದಲಾಗಬಹುದೆಂಬುದೂ ನೆನಪಿರಬೇಕು.

ಇದಕ್ಕೆ ಪರಿಹಾರ ನಕ್ಷೆಯ ಬಣ್ಣದಲ್ಲಿದೆ. ಟೈರ್ ತಯಾರಿಸುವ ಮಿಶೆಲಿನ್ ಕಂಪನಿ 1910ರಿಂದ ಹೊರತರುತ್ತಿರುವ ನಕ್ಷೆಗಳಲ್ಲಿ 1 ಸೆಂ.ಮೀ. ಎಂದರೆ 2 ಕಿ.ಮೀ. ಕೆಂಪು ರಸ್ತೆಗಳು ಪ್ರಧಾನ, ಹಳದಿಯವು ಮಧ್ಯಮ, ಬಿಳಿಯವು ಸಣ್ಣ ರಸ್ತೆಗಳು. ಅಂಚಿಗೆ ಹಸಿರು ಗೆರೆಯಿದ್ದರೆ ನಿಸರ್ಗ ರಮಣೀಯ ಎಂದರ್ಥ. ಬಾಣದ ತುದಿಯಂತಹ ಗುರುತುಗಳು ಕಡಿದಾದ ಏರನ್ನು ತೋರಿಸುತ್ತವೆ. ಬಿಳಿ ರಸ್ತೆಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದರೆ ದಿನದ ಪಯಣ ಸಿದ್ಧ.

ವಾಹನಗಳೇ ಬೇಡವೆನ್ನುವವರಿಗೆ

ಮೋಟಾರು ವಾಹನಗಳಿಗೆ ಪ್ರವೇಶವೇ ಇಲ್ಲದ ‘ವ್ವಾ ವೆರ್ತ್’, ಅಂದರೆ ಹಸಿರು ಪಥಗಳೂ ಇವೆ. ಹಳೆಯ ರೈಲು ಮಾರ್ಗದ ಮೇಲೆ ಬರ್ಗಂಡಿಯ ಜಿವ್ರಿ ಮತ್ತು ಕ್ಲೂನಿ ನಡುವೆ 1997ರಲ್ಲಿ ತೆರೆದ ಪಥ ಇವುಗಳಲ್ಲಿ ಮೊದಲಿನದು. ಲ್ವಾರ್ ನದಿಯ ಗುಂಟ ಅಟ್ಲಾಂಟಿಕ್ ಸಾಗರದವರೆಗೆ ಸುಮಾರು 900 ಕಿ.ಮೀ. ಸಾಗುವ ‘ಲ್ವಾರ್ ಆ ವೆಲೊ’ ಮಾರ್ಗ ಹಸಿರು ಪಥ ಮತ್ತು ಶಾಂತ ರಸ್ತೆಗಳನ್ನು ಬೆಸೆದಿದೆ. ಏರುಗಳು ಕಡಿಮೆಯಿರುವ ಕಾರಣ ಮಕ್ಕಳೊಂದಿಗೆ ಹೋಗುವವರಿಗೆ ಇದು ಅನುಕೂಲ.

ನಿಯಮ ಮತ್ತು ಎಚ್ಚರಿಕೆ

ನಿಶ್ಶಬ್ದವಾದ ರಸ್ತೆ ಅಪಾಯರಹಿತ ರಸ್ತೆಯೆಂದು ಭಾವಿಸುವಂತಿಲ್ಲ. ಹಳ್ಳಿಗಾಡಿನ ಇಕ್ಕಟ್ಟಾದ ತಿರುವಿನಲ್ಲಿ ಅಪರೂಪಕ್ಕೆ ಬರುವ ಕಾರು ವೇಗವಾಗಿಯೇ ಬರುತ್ತದೆ. 2018ರಲ್ಲಿ ಇಂತಹ ದ್ವಿಮುಖ ರಸ್ತೆಗಳ ವೇಗಮಿತಿಯನ್ನು ಗಂಟೆಗೆ 90ರಿಂದ 80 ಕಿ.ಮೀ.ಗೆ ಇಳಿಸಲಾಯಿತಾದರೂ, 2019ರ ಅಂತ್ಯದ ಕಾನೂನು 90ಕ್ಕೆ ಮರಳುವ ಅವಕಾಶ ನೀಡಿದ್ದರಿಂದ ಹಲವು ದೆಪಾರ್ತ್‌ಮಾಂಗಳು ಅದನ್ನು ಬಳಸಿಕೊಂಡವು. ಊರ ಹೊರಗೆ ಸೈಕಲ್ ದಾಟುವಾಗ ಚಾಲಕರು ಕನಿಷ್ಠ 1.5 ಮೀಟರ್ ಅಂತರ ಬಿಡಬೇಕೆಂಬುದು ನಿಯಮ.

ಭಾರತದಿಂದ ಹೋದವರು ಮರೆಯಬಾರದ ಸಂಗತಿ ಎರಡು. ಅಲ್ಲಿ ವಾಹನ ಸಂಚಾರ ರಸ್ತೆಯ ಬಲಬದಿಯಲ್ಲಿ. ಫಲಕವಿಲ್ಲದ ಕೂಡುರಸ್ತೆಗಳಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಆ ವಾಹನ ಗದ್ದೆಯ ಬದಿಯ ಸಣ್ಣ ದಾರಿಯಿಂದ ಬಂದರೂ ಸರಿ. ರಾತ್ರಿ ಅಥವಾ ಮಂಜು ಕವಿದಾಗ ಊರ ಹೊರಗೆ ಹೊಳೆಯುವ ಮೇಲಂಗಿ 2008ರಿಂದ ಕಡ್ಡಾಯ. 12 ವರ್ಷದೊಳಗಿನ ಮಕ್ಕಳಿಗೆ 2017ರಿಂದ ಹೆಲ್ಮೆಟ್ ಕಡ್ಡಾಯ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸವಾರಿ ಮಾಡುವುದನ್ನು 2015ರಲ್ಲೇ ನಿಷೇಧಿಸಲಾಗಿದೆ.

ಬೆಂಗಳೂರಿನ ನಂಟು

ಈ ಹಳ್ಳಿದಾರಿಗಳ ಪರಿಚಯ ಕರ್ನಾಟಕದ ಸವಾರರಿಗೂ ಇದೆ. 1891ರಲ್ಲಿ ಮೊದಲ ಬಾರಿಗೆ ನಡೆದ, ಈಗ ನಾಲ್ಕು ವರ್ಷಕ್ಕೊಮ್ಮೆ ಜರುಗುವ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯಲ್ಲಿ ಸುಮಾರು 1,200 ಕಿ.ಮೀ. ದೂರವನ್ನು ಗರಿಷ್ಠ 90 ಗಂಟೆಗಳಲ್ಲಿ ಕ್ರಮಿಸಬೇಕು. ಅರ್ಹತೆಗಾಗಿ ಅದೇ ವರ್ಷ 200, 300, 400 ಮತ್ತು 600 ಕಿ.ಮೀ. ಸವಾರಿಗಳನ್ನು ಪೂರೈಸಬೇಕು. ಇಂತಹ ಸವಾರಿಗಳು ಬೆಂಗಳೂರಿನಿಂದಲೂ ಹೊರಡುತ್ತವೆ. ಬ್ರಿಟನಿ ಭಾಗದ ಹಳ್ಳಿಗರು ರಾತ್ರಿಯೆಲ್ಲ ಮನೆಯ ಮುಂದೆ ಮೇಜು ಹಾಕಿ ಸವಾರರಿಗೆ ಕಾಫಿ, ನೀರು ನೀಡುವುದು ಈ ಸವಾರಿಯ ಸಂಪ್ರದಾಯವಾಗಿದೆ.

ಉಳಿದ ದಿನಗಳಲ್ಲಿ ಅಂತಹ ಮೇಜುಗಳು ಇರುವುದಿಲ್ಲ. ಜನ ಕಡಿಮೆಯಾದಂತೆ ಅನೇಕ ಹಳ್ಳಿಗಳಲ್ಲಿ ಬ್ರೆಡ್ ಅಂಗಡಿ, ಹೋಟೆಲುಗಳು ಮುಚ್ಚಿವೆ. ಇರುವ ಅಂಗಡಿಗಳೂ ಮಧ್ಯಾಹ್ನ ಬಾಗಿಲು ಹಾಕುತ್ತವೆ; ಹಲವೆಡೆ ಭಾನುವಾರ ಮಧ್ಯಾಹ್ನದ ನಂತರ ಮತ್ತು ಸೋಮವಾರ ರಜೆ. ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಳ್ಳುವುದು ಕ್ಷೇಮ. ನೀರು ತೀರಿದರೆ ಹಳ್ಳಿಯ ಸ್ಮಶಾನದಲ್ಲಿ ಬಹುತೇಕ ನಲ್ಲಿ ಇರುತ್ತದೆ. ‘ನೋಂ ಪೊತಾಬ್ಲ್’ ಎಂಬ ಫಲಕವಿದ್ದಲ್ಲಿ ಕುಡಿಯಬಾರದು. ಸವಾರನಿಗೆ ಹಿತವೆನಿಸುವ ನಿಶ್ಶಬ್ದವೇ ಆ ಊರಿನವರಿಗೆ ಅಂಗಡಿ ಮುಚ್ಚಿದ ಚಿಂತೆ. ಬಾಗಿಲು ತೆರೆದಿರುವ ಹಳ್ಳಿಯ ಅಂಗಡಿಯಲ್ಲಿ ನಿಂತು ಬ್ರೆಡ್ಡು ಕೊಳ್ಳುವ ಪ್ರವಾಸಿಗೆ ಅಲ್ಲಿ ಸಿಗುವ ಸ್ವಾಗತದಲ್ಲಿ ಈ ಕಾರಣವೂ ಸೇರಿದೆ.